ಚಿಯಾ: ಒಂದು ಹೆಸರು, ಎರಡು ಸಸ್ಯ – ಜನಪದ ಸಸ್ಯಜ್ಞಾನದ ಒಂದು ತೌಲನಿಕ ಅಧ್ಯಯನ

1. ಪ್ರಸ್ತಾವನೆ

ಜನಪದರ ಸಸ್ಯಜ್ಞಾನವನ್ನು ಸಂಗ್ರಹಿಸಲು ಹೊರಟ ಅಧ್ಯಯನಕಾರರಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. ಒಂದೇ ಗಿಡಕ್ಕೆ ಸೀಮೆಗೊಂದು ಹೆಸರಿರುತ್ತದೆ. ಹಾಗೆಯೇ ಒಂದೇ ಹೆಸರು ಬೇರೆ ಬೇರೆ ಗಿಡಗಳಿಗೂ ಸಲ್ಲುತ್ತದೆ. ಕನ್ನಡದ ‘ಬ್ರಾಹ್ಮಿ’ ಇದಕ್ಕೆ ಒಳ್ಳೆಯ ನಿದರ್ಶನ. ಕೆಲವು ಕಡೆ ಈ ಹೆಸರು ಒಂದೆಲಗವನ್ನು ಸೂಚಿಸಿದರೆ, ಮತ್ತೆ ಕೆಲವು ಕಡೆ ತೇವವಿರುವ ನೆಲದಲ್ಲಿ ಹರಡುವ, ದಪ್ಪನೆಯ ಸಣ್ಣ ಎಲೆಗಳ ನೀರುಬ್ರಾಹ್ಮಿಯನ್ನು ಸೂಚಿಸುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ನೆನಪಿನ ಶಕ್ತಿಗೆ ಒಳ್ಳೆಯದು ಎಂಬ ನಂಬಿಕೆ ಮಾತ್ರ ಎರಡಕ್ಕೂ ಸಮಾನವಾಗಿದೆ.

ಇಂತಹ ಸಂದರ್ಭಗಳಲ್ಲಿ ಜನರು ಗಿಡವನ್ನು ಗುರುತಿಸುವಲ್ಲಿ ಎಡವಿದ್ದಾರೆ ಎಂದು ತೀರ್ಮಾನಿಸುವುದು ಸುಲಭ. ಆದರೆ ಹೆಸರು ಯಾವ ಆಧಾರದ ಮೇಲೆ ನಿಂತಿದೆ, ಅದನ್ನು ಮೊದಲು ಇಟ್ಟವರು ಯಾರು, ಬೇರೊಂದು ಗಿಡಕ್ಕೆ ವಿಸ್ತರಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡಾಗ ಹೆಸರೇ ಒಂದು ಚರಿತ್ರೆಯ ದಾಖಲೆಯಾಗಿ ತೋರುತ್ತದೆ. ಈ ಮಾತನ್ನು ‘ಚಿಯಾ’ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧವಾಗಿರುವ, ಸಾಲ್ವಿಯಾ ಕುಲದ ಎರಡು ಸಸ್ಯಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು ಮೆಕ್ಸಿಕೋ ಮತ್ತು ಗ್ವಾಟೆಮಾಲಾ ಮೂಲದ ಸಾಲ್ವಿಯಾ ಹಿಸ್ಪಾನಿಕಾ. ಎರಡನೆಯದು ಕ್ಯಾಲಿಫೋರ್ನಿಯಾ ಮತ್ತು ಅದರ ಸುತ್ತಲಿನ ಒಣಪ್ರದೇಶಗಳ ಸಾಲ್ವಿಯಾ ಕೊಲಂಬೇರಿಯೆ. ಮೊದಲನೆಯದು ಈಗ ಮೈಸೂರು ಸೀಮೆಯ ಹೊಲಗಳಿಗೂ ಬಂದಿರುವುದರಿಂದ ಈ ಹೋಲಿಕೆ ಕನ್ನಡ ಜಾನಪದಕ್ಕೆ ಹೊರಗಿನದಾಗಿ ಉಳಿದಿಲ್ಲ.

2. ಸಸ್ಯಗಳ ಸ್ವರೂಪ

ಸಾಲ್ವಿಯಾ ಎಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಕೆಂಪು ಹೂಗಳ ಸಾಲು. ಆ ಅಲಂಕಾರದ ಗಿಡ ಬ್ರೆಜಿಲ್ ಮೂಲದ್ದು. ಇಂಗ್ಲಿಷಿನಲ್ಲಿ ‘ಸೇಜ್’ ಎಂದು ಕರೆಯಲಾಗುವ ಈ ಕುಲದಲ್ಲಿ ಜಗತ್ತಿನಾದ್ಯಂತ ಸುಮಾರು 1000 ಪ್ರಭೇದಗಳಿವೆ. ನಮ್ಮ ತುಳಸಿ, ತುಂಬೆ, ದೊಡ್ಡಪತ್ರೆಗಳು ಸೇರಿರುವ ಕುಟುಂಬಕ್ಕೇ ಇದೂ ಸೇರುತ್ತದೆ. ಚೌಕಾಕಾರದ ಕಾಂಡ, ಎದುರುಬದುರಾದ ಎಲೆಗಳು, ಎರಡು ತುಟಿಗಳಂತೆ ಸೀಳಿದ ಹೂ ಇವು ಈ ಕುಟುಂಬದ ಸಾಮಾನ್ಯ ಲಕ್ಷಣಗಳು.

ಸಾಲ್ವಿಯಾ ಹಿಸ್ಪಾನಿಕಾ ಒಂದು ವಾರ್ಷಿಕ ಸಸ್ಯ. ಆಳೆತ್ತರದವರೆಗೂ ಬೆಳೆಯಬಲ್ಲದು. ಅಗಲವಾದ, ಅಂಚಿನಲ್ಲಿ ಹಲ್ಲುಗಳಿರುವ ಎಲೆಗಳು ಕಾಂಡದ ಉದ್ದಕ್ಕೂ ಇರುತ್ತವೆ. ತುದಿಯಲ್ಲಿ ತೆನೆಯಂತಹ ಗೊಂಚಲಿನಲ್ಲಿ ನೇರಳೆ ಅಥವಾ ಬಿಳಿಯ ಸಣ್ಣ ಹೂಗಳು ಅರಳುತ್ತವೆ. ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಇದು ಹೂ ಬಿಡುತ್ತದೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯನ್ನು ತಾಳಲಾರದು. ಕೊಲಂಬೇರಿಯೆ ಕೂಡ ವಾರ್ಷಿಕ ಸಸ್ಯವೇ ಆದರೂ ಮೊಣಕಾಲೆತ್ತರವನ್ನು ಮೀರುವುದು ಅಪರೂಪ. ಆಳವಾಗಿ ಸೀಳಿದ, ಸುಕ್ಕುಸುಕ್ಕಾದ ಎಲೆಗಳು ಹೆಚ್ಚಾಗಿ ಬುಡದಲ್ಲೇ ನೆಲಕ್ಕೆ ಹರಡಿಕೊಂಡಿರುತ್ತವೆ. ಅವುಗಳ ನಡುವಿನಿಂದ ಎದ್ದ ಕಡ್ಡಿಯಂತಹ ಕಾಂಡದಲ್ಲಿ ಒಂದರ ಮೇಲೊಂದು ಚೆಂಡು ಪೋಣಿಸಿದ ಹಾಗೆ ಹೂಗುಚ್ಛಗಳು ಕೂಡುತ್ತವೆ, ಹೂ ನೀಲಿ. ಚಳಿಗಾಲದ ಮಳೆಗೆ ಮೊಳೆತು, ವಸಂತದಲ್ಲಿ ಅರಳಿ, ಬೇಸಿಗೆಯ ಮೊದಲ ಭಾಗದಲ್ಲಿ ಒಣಗಿ ನಿಲ್ಲುವುದು ಇದರ ಋತುಕ್ರಮ.

ಹೊರನೋಟದ ಈ ವ್ಯತ್ಯಾಸ ಒಳಗಿನ ರಚನೆಯಲ್ಲಿಯೂ ಕಂಡುಬರುತ್ತದೆ. ಹಿಸ್ಪಾನಿಕಾದ ಜೀವಕೋಶದಲ್ಲಿ 12 ವರ್ಣತಂತುಗಳಿದ್ದರೆ ಕೊಲಂಬೇರಿಯೆಯಲ್ಲಿ 26 ಇವೆ. ಸಾಲ್ವಿಯಾ ಕುಲದೊಳಗೆ ಇವು ಎರಡು ಬೇರೆ ಉಪಕುಲಗಳಿಗೆ ಸೇರುತ್ತವೆ. ಬಂಧುತ್ವದ ಮಾತಿನಲ್ಲಿ ಹೇಳುವುದಾದರೆ ಇವು ಒಡಹುಟ್ಟಿದವಲ್ಲ, ದಾಯಾದಿಗಳು.

ಹಾಗಿದ್ದರೂ ಒಂದು ಮುಖ್ಯ ಗುಣದಲ್ಲಿ ಎರಡೂ ಒಂದೇ. ಎಳ್ಳಿಗಿಂತಲೂ ಸಣ್ಣದಾದ ಇವುಗಳ ಬೀಜ ನೀರಿಗೆ ಬಿದ್ದರೆ ಸುತ್ತಲೂ ಲೋಳೆಯ ಪದರವೊಂದು ಉಬ್ಬಿಕೊಳ್ಳುತ್ತದೆ. ಒಣನೆಲದಲ್ಲಿ ಬೀಜವು ಮಣ್ಣಿಗೆ ಅಂಟಿಕೊಂಡು ತೇವವನ್ನು ಹಿಡಿದಿಟ್ಟುಕೊಳ್ಳಲು ಈ ಲೋಳೆ ನೆರವಾಗುತ್ತದೆ. ಜನರು ಈ ಗಿಡಗಳನ್ನು ಗುರುತಿಸಿದ್ದು ಈ ಗುಣದಿಂದ.

3. ಹೆಸರಿನ ಪಯಣ

‘ಚಿಯಾ’ ಎಂಬ ಪದದ ಮೂಲ ಮಧ್ಯ ಮೆಕ್ಸಿಕೋದ ನಹುವಾತ್ಲ್ ಭಾಷೆಯ ‘ಚಿಯಾನ್’. ಸ್ಪೇನಿನವರ ಬಾಯಲ್ಲಿ ಅದು ‘ಚಿಯಾ’ ಆಯಿತು. ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಹೆಸರನ್ನೂ ಈ ಪದದೊಂದಿಗೆ ಸೇರಿಸಿ ವಿವರಿಸುವವರಿದ್ದಾರೆ. ವಿಜ್ಞಾನದ ಹೆಸರಿನ ಕಥೆ ಬೇರೆಯೇ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ‘ಹಿಸ್ಪಾನಿಕಾ’, ಅಂದರೆ ‘ಸ್ಪೇನಿನದು’ ಎಂಬ ವಿಶೇಷಣವನ್ನು ಕೊಟ್ಟನು. ಗಿಡ ಸ್ಪೇನಿನದಲ್ಲ, ಸ್ಪೇನಿನವರ ಆಳ್ವಿಕೆಗೆ ಸಿಕ್ಕಿದ ನಾಡಿನಿಂದ ಯೂರೋಪಿಗೆ ಬಂದದ್ದು. ಆಳಿದವರ ಹೆಸರು ಬೆಳೆದವರ ಗಿಡಕ್ಕೆ ಹೀಗೆ ಶಾಶ್ವತವಾಗಿ ಅಂಟಿಕೊಂಡಿತು.

ಎರಡನೆಯ ಗಿಡಕ್ಕೆ 1833ರಲ್ಲಿ ಜಾರ್ಜ್ ಬೆಂಥಮ್ ‘ಕೊಲಂಬೇರಿಯೆ’ ಎಂದು ಹೆಸರಿಟ್ಟನು. ಯೂರೋಪಿನ ಸ್ಕೇಬಿಯೋಸಾ ಕೊಲಂಬೇರಿಯಾ ಎಂಬ ಬೇರೊಂದು ಹೂವಿನ ಗುಂಡುತಲೆಯನ್ನು ಹೋಲುವುದರಿಂದ ಈ ಹೆಸರು. ಆದರೆ ಅದಕ್ಕೂ ಬಹಳ ಮೊದಲೇ ಅಲ್ಲಿನ ಜನ ಅದಕ್ಕೆ ತಮ್ಮದೇ ಹೆಸರುಗಳನ್ನು ಇಟ್ಟಿದ್ದರು. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲತೀರದ ಚುಮಾಶ್ ಜನರಿಗೆ ಅದು ‘ಇಲೆಪೆಶ್’. ಒಳನಾಡಿನ ಮರುಭೂಮಿ ಮತ್ತು ಬೆಟ್ಟಗಳ ಕಹುವಿಯಾ ಜನರಿಗೆ ‘ಪಾಸಲ್’. 1769ರ ನಂತರ ಮೆಕ್ಸಿಕೋದಿಂದ ಉತ್ತರಕ್ಕೆ ಬಂದ ಸ್ಪೇನಿನ ಸೈನಿಕರು ಮತ್ತು ಪಾದ್ರಿಗಳು ಇಲ್ಲಿಯೂ ಲೋಳೆ ಬಿಡುವ ಬೀಜವನ್ನು, ಅದೇ ಬಗೆಯ ಹಿಟ್ಟು ಮತ್ತು ಪಾನಕವನ್ನು ಕಂಡು, ತಮಗೆ ಪರಿಚಿತವಾಗಿದ್ದ ‘ಚಿಯಾ’ ಎಂಬ ಹೆಸರಿನಿಂದಲೇ ಕರೆದರು. ಒಂದು ಮೂಲನಿವಾಸಿ ಸಮುದಾಯದ ಪದವು ವಸಾಹತುಗಾರರ ಭಾಷೆಯ ಮೂಲಕ ಇನ್ನೊಂದು ಮೂಲನಿವಾಸಿ ಸಮುದಾಯದ ಪದವನ್ನು ಮರೆಮಾಡಿದ ಪ್ರಸಂಗವಿದು.

ಗುಣವನ್ನು ಹಿಡಿದು ಹೆಸರಿಡುವ ಈ ಕ್ರಮ ಸಾಲ್ವಿಯಾ ಕುಲದ ಎಲ್ಲೆಯನ್ನೂ ದಾಟುತ್ತದೆ. ಮೆಕ್ಸಿಕೋದ ಕೆಲವು ಭಾಗಗಳಲ್ಲಿ ಹಿಪ್ಟಿಸ್ ಸುವಾವಿಯೋಲೆನ್ಸ್ ಎಂಬ ಗಿಡದ ಬೀಜಕ್ಕೆ ‘ಚಾನ್’ ಎಂಬ ಹೆಸರಿದ್ದು, ಅದನ್ನೂ ನೀರಿನಲ್ಲಿ ನೆನೆಸಿ ಕುಡಿಯುತ್ತಾರೆ. ತೀಕ್ಷ್ಣ ವಾಸನೆಯ ಈ ಗಿಡ ಈಗ ನಮ್ಮ ರಸ್ತೆಬದಿಗಳಲ್ಲಿ, ಬೀಳುಭೂಮಿಗಳಲ್ಲಿ ಕಳೆಯಾಗಿ ಹಬ್ಬಿದೆ. ಅಲ್ಲಿ ಪಾನೀಯವಾದದ್ದು ಇಲ್ಲಿ ಕಳೆಯಾಗಿರುವುದಕ್ಕೆ ಕಾರಣ ಗಿಡದಲ್ಲಿಲ್ಲ. ಗಿಡದ ಜೊತೆಗೆ ಅದನ್ನು ಬಳಸುವ ತಿಳಿವಳಿಕೆ ಪ್ರಯಾಣ ಮಾಡಲಿಲ್ಲ, ಅಷ್ಟೆ.

4. ಹೊಲದ ಚಿಯಾ

ಮೆಕ್ಸಿಕೋದ ಚಿಯಾ ಉಳುಮೆಯ ಬೆಳೆ. ಕಾಡುಗಿಡದಲ್ಲಿ ಬೀಜ ಬಲಿತ ಮೇಲೆ ಹೂವಿನ ಪುಷ್ಪಪಾತ್ರೆ ಬಾಯ್ದೆರೆದು ಬೀಜ ಉದುರುತ್ತದೆ. ಪಳಗಿಸಿದ ತಳಿಗಳಲ್ಲಿ ಪುಷ್ಪಪಾತ್ರೆ ಮುಚ್ಚಿಯೇ ಇದ್ದು ಬೀಜವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೀಜದ ಗಾತ್ರವೂ ದೊಡ್ಡದು. ಉದುರದ ತೆನೆಯನ್ನು ಆಯ್ದು ಬಿತ್ತನೆಗೆ ಉಳಿಸಿಕೊಂಡ ಅನೇಕ ತಲೆಮಾರುಗಳ ರೈತರ ಕೈಗುರುತು ಅದು. ನಮ್ಮ ರಾಗಿ, ಜೋಳಗಳ ಚರಿತ್ರೆಯಲ್ಲಿಯೂ ಇದೇ ಬಗೆಯ ಆಯ್ಕೆ ನಡೆದಿದೆ.

ಈ ಬೆಳೆಯ ಬಗೆಗಿನ ಅಮೂಲ್ಯ ದಾಖಲೆ ಬರ್ನಾರ್ದಿನೋ ದೆ ಸಾಹಗುನ್ ಎಂಬ ಪಾದ್ರಿಯದು. 1529ರಲ್ಲಿ ಮೆಕ್ಸಿಕೋಗೆ ಬಂದ ಈತ ನಹುವಾ ಹಿರಿಯರನ್ನು ಪ್ರಶ್ನಿಸಿ, ಅವರ ಮಾತನ್ನು ಅವರ ಭಾಷೆಯಲ್ಲಿಯೇ ಬರೆಸಿ, 12 ಸಂಪುಟಗಳ ಬೃಹತ್ ಕೃತಿಯನ್ನು ಸಿದ್ಧಪಡಿಸಿದನು. ‘ಫ್ಲಾರೆಂಟೈನ್ ಕೋಡೆಕ್ಸ್’ ಎಂದು ಹೆಸರಾದ ಅದರಲ್ಲಿ ಚಿಯಾ ಆಹಾರವಾಗಿ, ಔಷಧಿಯಾಗಿ, ಮಾರುಕಟ್ಟೆಯ ಸರಕಾಗಿ ಕಾಣಿಸಿಕೊಳ್ಳುತ್ತದೆ. ಹುರಿದು ಬೀಸಿದ ಹಿಟ್ಟು, ಅದರಿಂದ ಮಾಡಿದ ಅಂಬಲಿಯಂತಹ ‘ಚಿಯಾನತೊಲ್ಲಿ’ ಇವು ನಿತ್ಯದ ಬಳಕೆಗೆ ಸೇರಿದ್ದವು. 1540ರ ದಶಕದ ಆಸುಪಾಸಿನ ‘ಮೆಂಡೋಜಾ ಕೋಡೆಕ್ಸ್’ನ ಕಪ್ಪಕಾಣಿಕೆಯ ಪಟ್ಟಿಗಳಲ್ಲಿ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು ಮತ್ತು ದಂಟಿನ ಬೀಜಗಳ ಜೊತೆಗೆ ಚಿಯಾ ತುಂಬಿದ ಕಣಜಗಳ ಚಿತ್ರಗಳಿವೆ. ಅಂದರೆ ಇದು ರಾಜ್ಯವು ಲೆಕ್ಕವಿಟ್ಟು ವಸೂಲಿ ಮಾಡುತ್ತಿದ್ದ ಧಾನ್ಯ.

ಸ್ಪೇನಿನ ಆಕ್ರಮಣದ ನಂತರ ಗೋಧಿ ಮೊದಲಾದ ಹೊಸ ಬೆಳೆಗಳ ನಡುವೆ ಚಿಯಾ ಹಿಂದೆ ಸರಿಯಿತು. ಆದರೆ ಜನಜೀವನದಿಂದ ಮರೆಯಾಗಲಿಲ್ಲ. ಅದು ಉಳಿದುಕೊಂಡ ಮೂರು ನೆಲೆಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ಪಾನೀಯ: ನೆನೆಸಿದ ಚಿಯಾಕ್ಕೆ ನಿಂಬೆರಸ ಮತ್ತು ಸಕ್ಕರೆ ಬೆರೆಸಿದ ಪಾನಕ ಬೇಸಿಗೆಯಲ್ಲಿ, ವಿಶೇಷವಾಗಿ ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ, ಇಂದಿಗೂ ಬಳಕೆಯಲ್ಲಿದೆ. ಎರಡನೆಯದು ಆಚರಣೆ: ದುಃಖಮಾತೆಯಾದ ಮೇರಿಯ ಹೆಸರಿನಲ್ಲಿ ಕಟ್ಟುವ ವೇದಿಕೆಗಳ ಮೇಲೆ, ಮಣ್ಣಿನ ಪಾತ್ರೆ ಮತ್ತು ಪ್ರಾಣಿಗಳ ಆಕೃತಿಗಳಿಗೆ ನೆನೆಸಿದ ಚಿಯಾವನ್ನು ಮೆತ್ತಿ ಮೊಳಕೆ ಬರಿಸಿ ಇಡುತ್ತಾರೆ. ನವರಾತ್ರಿಯಲ್ಲಿ ಘಟ್ಟ ಹಾಕಿ ಧಾನ್ಯದ ಸಸಿ ಬೆಳೆಸುವ ನಮ್ಮ ಕ್ರಮವನ್ನು ಬಲ್ಲವರಿಗೆ ಇದರ ಆಶಯ ಅರ್ಥವಾಗದಿರದು. ಲೋಳೆಯ ಗುಣದಿಂದಾಗಿ ಬೀಜವು ಮಣ್ಣಿನ ಗೋಡೆಗೆ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಮೂರನೆಯದು ಕರಕುಶಲತೆ: ಮಿಚೋಕಾನ್ ಮತ್ತು ಗೆರೆರೋ ಸೀಮೆಗಳ ಮೆರುಗು ಕೆಲಸದವರು ಸೋರೆಬುರುಡೆ ಹಾಗೂ ಮರದ ಪಾತ್ರೆಗಳಿಗೆ ಚಿಯಾ ಎಣ್ಣೆಯನ್ನು ಬಳಿಯುತ್ತಾ ಬಂದಿದ್ದಾರೆ. ಬೀಜದಲ್ಲಿ ಮೂರನೆಯ ಒಂದು ಭಾಗದಷ್ಟಿರುವ ಈ ಎಣ್ಣೆಯ ಬಹುಪಾಲು ಆಲ್ಫಾ ಲಿನೋಲೆನಿಕ್ ಆಮ್ಲ. ಗಾಳಿಗೆ ಒಣಗಿ ಗಟ್ಟಿಪದರವಾಗುವುದು ಅದರ ಸ್ವಭಾವ. ನಮ್ಮ ಅಗಸೆ ಎಣ್ಣೆಯೂ ಇದೇ ಗುಣದ್ದು. ಇಂದು ಒಮೇಗಾ-3 ಎಂದು ಹೊಗಳಿಸಿಕೊಳ್ಳುವ ಆಹಾರಾಂಶವನ್ನು ಕುಶಲಕರ್ಮಿಗಳು ಮರದ ಮೇಲಿನ ಮೆರುಗಿನಲ್ಲಿ ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು.

5. ಬೆಂಕಿಯ ಬೆನ್ನಿಗೆ ಬಂದ ಚಿಯಾ

ಕ್ಯಾಲಿಫೋರ್ನಿಯಾದ ಚಿಯಾ ಉತ್ತು ಬಿತ್ತಿದ ಬೆಳೆಯಲ್ಲ. ಹಾಗೆಂದು ಅದನ್ನು ಮನುಷ್ಯರ ಆರೈಕೆಯಿಲ್ಲದೆ ತಾನೇ ಬೆಳೆದದ್ದು ಎನ್ನುವುದೂ ಸರಿಯಲ್ಲ. ಒಣಗಿ ನಿಂತ ಗಿಡಗಳ ಬಳಿ ಬುಟ್ಟಿಯನ್ನು ಹಿಡಿದು, ಹೆಣೆದ ಬಡಿಗೆಯಿಂದ ತಟ್ಟಿ ಬೀಜವನ್ನು ಉದುರಿಸಿಕೊಳ್ಳುವುದು ಅಲ್ಲಿನ ಸಂಗ್ರಹ ಕ್ರಮ. ಬಳಿಕ ಕೆಂಡದೊಂದಿಗೆ ಬುಟ್ಟಿಯಲ್ಲಿ ಅಲುಗಾಡಿಸುತ್ತಾ ಹುರಿದು, ಕಲ್ಲಿನಲ್ಲಿ ಅರೆದು ಹಿಟ್ಟು ಮಾಡುತ್ತಿದ್ದರು. ಬುಟ್ಟಿ ಸುಡದಂತೆ ಬೀಜವನ್ನು ಹುರಿಯುವುದಕ್ಕೆ ಕೈಯ ಪಳಗುವಿಕೆ ಬೇಕು. ಬೀಜ ಸೋರದಷ್ಟು ಒತ್ತಾಗಿ ಬುಟ್ಟಿ ಹೆಣೆಯುವ ವಿದ್ಯೆಯೂ ಈ ಆಹಾರದ ಜೊತೆಗೇ ಬೆಳೆದದ್ದು. ಚುಮಾಶರಲ್ಲಿ ಚಿಯಾ ಆಹಾರವಷ್ಟೇ ಆಗಿರದೆ ಪವಿತ್ರ ಕಾಣಿಕೆಯೂ ಆಗಿತ್ತು.

ಈ ಗಿಡ ಬಿಸಿಲು ಬೀಳುವ ಬಯಲನ್ನು ಬೇಡುತ್ತದೆ. ಪೊದೆಗಾಡು ದಟ್ಟವಾದಂತೆ ಕಡಿಮೆಯಾಗುತ್ತದೆ. ಬೆಂಕಿ ಹಾದುಹೋದ ನೆಲದಲ್ಲಿ ಮುಂದಿನ ಮಳೆಗೆ ಹೇರಳವಾಗಿ ಏಳುತ್ತದೆ. ಚುಮಾಶ್ ಜನರು ಇದನ್ನು ಅರಿತು ಹುಲ್ಲುಗಾವಲುಗಳನ್ನು ಕಾಲಕಾಲಕ್ಕೆ ಸುಡುತ್ತಿದ್ದರು. 1769ರಲ್ಲಿ ಆ ತೀರದಲ್ಲಿ ಸಾಗಿದ ಪೋರ್ಟೊಲಾನ ದಂಡಿನೊಂದಿಗಿದ್ದ ಪಾದ್ರಿ ಹುವಾನ್ ಕ್ರೆಸ್ಪಿಯ ದಿನಚರಿಯಲ್ಲಿ ಸುಟ್ಟ ಬಯಲುಗಳ ಉಲ್ಲೇಖಗಳಿವೆ. ದಂಡಿಗೆ ಅಲ್ಲಿನ ಜನ ಬೀಜದ ಆಹಾರವನ್ನು ಕೊಟ್ಟು ಉಪಚರಿಸಿದ ವಿವರಗಳೂ ಇವೆ. ಸುಟ್ಟ ಬಯಲಿಗೂ ತಾವು ಉಂಡ ಆಹಾರಕ್ಕೂ ಇದ್ದ ಸಂಬಂಧ ಮಾತ್ರ ಬಂದವರಿಗೆ ಹೊಳೆಯಲಿಲ್ಲ. 1793ರಲ್ಲಿ ಗವರ್ನರ್ ಅರಿಲ್ಲಾಗಾ ಮೂಲನಿವಾಸಿಗಳು ಬಯಲಿಗೆ ಬೆಂಕಿಯಿಡುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನು. ಸ್ಪೇನಿನವರಿಗೆ ಬೇಕಾಗಿದ್ದುದು ದನಕರುಗಳ ಮೇವು. ಆ ಹೊತ್ತಿಗೆ ಮಿಷನ್‌ಗಳಲ್ಲಿ ರೋಗರುಜಿನಗಳಿಂದ ಜನರೂ ಸಾಯುತ್ತಿದ್ದರು. ಬೆಂಕಿಯಿಡುವ ಕೈ, ಬೀಜ ತಟ್ಟುವ ಕೈ, ಬುಟ್ಟಿ ಹೆಣೆಯುವ ಕೈ ಒಟ್ಟಿಗೆ ಕಡಿಮೆಯಾದವು. ಗಿಡ ಉಳಿಯಿತು, ಗಿಡದ ಸುತ್ತಲಿನ ಸಂಸ್ಕೃತಿ ಛಿದ್ರವಾಯಿತು.

ಇಂದು ನಮಗೆ ತಿಳಿದಿರುವುದರಲ್ಲಿ ಬಹುಭಾಗ ಆ ಸಮುದಾಯಗಳ ಹಿರಿಯರ ನೆನಪಿನಿಂದ ಬಂದದ್ದು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಜಾನ್ ಪೀಬಾಡಿ ಹ್ಯಾರಿಂಗ್ಟನ್ ಚುಮಾಶ್ ಹಿರಿಯರಿಂದ ಬರೆದುಕೊಂಡ ಟಿಪ್ಪಣಿಗಳನ್ನು ಆಧರಿಸಿ ಜಾನ್ ಟಿಂಬ್ರೂಕ್ ಎಂಬ ವಿದುಷಿ 2007ರಲ್ಲಿ ಚುಮಾಶರ ಸಸ್ಯಜ್ಞಾನದ ಗ್ರಂಥವನ್ನು ಪ್ರಕಟಿಸಿದರು. ಕಹುವಿಯಾ ಸಮುದಾಯದವರೇ ಆದ ಕ್ಯಾಥರೀನ್ ಸಿವಾ ಸೌಬೆಲ್ ಅವರು ಮಾನವಶಾಸ್ತ್ರಜ್ಞ ಲೋವೆಲ್ ಬೀನ್ ಅವರೊಂದಿಗೆ 1972ರಲ್ಲಿ ‘ತೆಮಲ್‌ಪಾಖ್’ ಎಂಬ ಕೃತಿಯನ್ನು ತಂದರು. ಸಮುದಾಯದವರನ್ನು ಮಾಹಿತಿದಾರರ ಸ್ಥಾನದಿಂದ ಕರ್ತೃವಿನ ಸ್ಥಾನಕ್ಕೆ ತಂದ ಕೃತಿಯಾಗಿ ಇದು ನಮ್ಮ ಕ್ಷೇತ್ರಕಾರ್ಯಕ್ಕೂ ಮಾದರಿಯಾಗಬಲ್ಲದು. ಸಾಂಪ್ರದಾಯಿಕ ಬೆಂಕಿಯ ಬಗ್ಗೆ ಸರ್ಕಾರದ ನಿಲುವೂ ಈಗ ಬದಲಾಗುತ್ತಿದೆ: 2021ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಮೂಲನಿವಾಸಿಗಳ ಸಾಂಸ್ಕೃತಿಕ ಸುಡುವಿಕೆಯನ್ನು ತನ್ನ ಶಾಸನದಲ್ಲಿ ಗುರುತಿಸಿತು.

6. ಸಾಮ್ಯ ಮತ್ತು ಭೇದ

ಎರಡೂ ಪರಂಪರೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಸಾಮ್ಯಗಳೆಲ್ಲವೂ ಬೀಜದ ಗುಣದಿಂದ ಹುಟ್ಟಿದವು ಎಂಬುದು ಸ್ಪಷ್ಟವಾಗುತ್ತದೆ. ಹುರಿದ ಹಿಟ್ಟು, ತಂಪಾದ ಪಾನೀಯ ಎರಡು ಕಡೆಯೂ ಇವೆ. ಕಣ್ಣಿಗೆ ಕಸ ಬಿದ್ದಾಗ ರೆಪ್ಪೆಯ ಕೆಳಗೆ ಬೀಜವನ್ನು ಇರಿಸಿ, ಉಬ್ಬಿದ ಲೋಳೆಗೆ ಕಸ ಅಂಟಿಕೊಂಡ ಮೇಲೆ ತೆಗೆಯುವ ಚಿಕಿತ್ಸೆ ಕ್ಯಾಲಿಫೋರ್ನಿಯಾದ ಸಮುದಾಯಗಳಲ್ಲಿತ್ತು. ಯೂರೋಪಿನಲ್ಲಿಯೂ ಸಾಲ್ವಿಯಾ ಕುಲದ ಮತ್ತೊಂದು ಗಿಡವನ್ನು ಇದೇ ಕೆಲಸಕ್ಕೆ ಬಳಸುತ್ತಿದ್ದರು. ಪರಸ್ಪರ ಸಂಪರ್ಕವಿಲ್ಲದ ಜನರು ಒಂದೇ ಗುಣವನ್ನು ಕಂಡು ಒಂದೇ ಉಪಾಯವನ್ನು ಹೂಡಿದ್ದಾರೆ ಎಂದು ತಿಳಿಯುವುದು ಯುಕ್ತ.

ಭೇದಗಳು ಮಾತ್ರ ಬದುಕಿನ ಕ್ರಮದಿಂದ ಹುಟ್ಟಿದವು. ಒಂದು ಕಡೆ ಹೊಲ, ಬಿತ್ತನೆಬೀಜ, ಕಪ್ಪಕಾಣಿಕೆ, ಸಂತೆ. ಇನ್ನೊಂದು ಕಡೆ ಬಯಲು, ಬೆಂಕಿ, ಬುಟ್ಟಿ. ಮೆಕ್ಸಿಕೋದ ರೈತ ಗಿಡವನ್ನು ಬದಲಾಯಿಸಿದನು. ಚುಮಾಶ್ ಜನರು ಗಿಡ ಬೆಳೆಯುವ ನೆಲವನ್ನು ಬದಲಾಯಿಸಿದರು. ಮೊದಲನೆಯದನ್ನು ಕೃಷಿ ಎಂದು ಗೌರವಿಸಿ, ಎರಡನೆಯದನ್ನು ಬರಿಯ ಆಯ್ದು ತಿನ್ನುವಿಕೆ ಎಂದು ಕೀಳುಗಳೆದದ್ದರಿಂದಲೇ 1793ರ ಆಜ್ಞೆ ಸಾಧ್ಯವಾಯಿತು. ಮೊದಲನೆಯ ಜ್ಞಾನ ಬೀಜದೊಳಗೇ ಸೇರಿಕೊಂಡಿರುವುದರಿಂದ ಬೀಜದೊಂದಿಗೆ ದೇಶಾಂತರ ಹೋಗಬಲ್ಲದು. ಎರಡನೆಯದು ನೆಲಕ್ಕೆ ಮತ್ತು ಜನಕ್ಕೆ ಅಂಟಿಕೊಂಡದ್ದು. ಅವರನ್ನು ಅಲ್ಲಿಂದ ಎಬ್ಬಿಸಿದರೆ ಅದು ಉಳಿಯದು.

ಈ ಭೇದವನ್ನು ಅಳಿಸುವ ಕೆಲಸವನ್ನು ಈಗ ಮಾರುಕಟ್ಟೆ ಮಾಡುತ್ತಿದೆ. ಒಂದು ಚಮಚ ಚಿಯಾ ತಿಂದವನು ದಿನವಿಡೀ ನಡೆಯಬಲ್ಲನು ಎಂಬ ಮಾತನ್ನು ಕ್ಯಾಲಿಫೋರ್ನಿಯಾದ ಗಿಡದ ಬಗ್ಗೆ 19ನೆಯ ಶತಮಾನದ ಕೊನೆಯ ಭಾಗದ ಬರಹಗಾರರು ದಾಖಲಿಸಿದ್ದರು. ಇಂದು ಅಂತಹದೇ ಮಾತು ಮೆಕ್ಸಿಕೋದ ಬೀಜದ ಪೊಟ್ಟಣಗಳ ಮೇಲೆ ಅಜ್ಟೆಕ್ ಯೋಧರ ಹೆಸರಿನಲ್ಲಿ ಅಚ್ಚಾಗುತ್ತದೆ. ಐತಿಹ್ಯವೊಂದು ಒಡೆಯರನ್ನು ಬದಲಿಸಿ ಜಾಹೀರಾತಾಗುವ ಈ ಪ್ರಕ್ರಿಯೆ ಜಾನಪದ ಅಧ್ಯಯನಕಾರರ ಗಮನಕ್ಕೆ ಅರ್ಹವಾದುದು.

7. ಕರ್ನಾಟಕದ ನೆಲದಲ್ಲಿ

1990ರ ದಶಕದಲ್ಲಿ ಅರ್ಜೆಂಟೀನಾದ ಪ್ರಯೋಗಗಳೊಂದಿಗೆ ಸಾಲ್ವಿಯಾ ಹಿಸ್ಪಾನಿಕಾ ಮತ್ತೆ ಜಾಗತಿಕ ಬೆಳೆಯಾಗತೊಡಗಿತು. 2009ರಲ್ಲಿ ಐರೋಪ್ಯ ಒಕ್ಕೂಟ ಅದನ್ನು ಬ್ರೆಡ್ಡಿನಲ್ಲಿ ಬಳಸಲು ಅನುಮತಿ ನೀಡಿತು. 2010ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಪ್ರೋತ್ಸಾಹದಿಂದ ಮೈಸೂರು, ಚಾಮರಾಜನಗರ ಜಿಲ್ಲೆಗಳ ರೈತರು ಇದನ್ನು ಬೆಳೆಯತೊಡಗಿದರು. ಹಗಲು ಕಿರಿದಾಗುತ್ತಾ ಹೋಗುವ ನಮ್ಮ ಹಿಂಗಾರು ಇದರ ಹೂ ಬಿಡುವ ಸ್ವಭಾವಕ್ಕೆ ಒಗ್ಗುತ್ತದೆ. ಆದರೆ ಬೆಳೆಯುವ ಮನೆಗಳ ಅಡುಗೆಯಲ್ಲಿ ಇದಕ್ಕೆ ಹಳೆಯ ಸ್ಥಾನವಿಲ್ಲ. ಹಾಡಿಲ್ಲ, ಒಗಟಿಲ್ಲ, ಹಬ್ಬವಿಲ್ಲ. ಬೆಲೆ ಕುಸಿದಾಗ ರಾಗಿಯನ್ನಾದರೆ ಮನೆಮಂದಿ ಉಣ್ಣಬಹುದು. ಉಣ್ಣುವ ರೂಢಿಯಿಲ್ಲದ ಕಾಳಿಗೆ ಮಾರುಕಟ್ಟೆಯೊಂದೇ ಗತಿ.

ಹೆಸರಿನ ಗೊಂದಲ ಇಲ್ಲಿಯೂ ಆರಂಭವಾಗಿದೆ. ಕಾಮಕಸ್ತೂರಿಯ ಬೀಜವನ್ನು, ಅಂದರೆ ಅಂಗಡಿಯ ‘ಸಬ್ಜಾ’ವನ್ನು, ಚಿಯಾ ಎಂದೂ ಚಿಯಾವನ್ನು ಸಬ್ಜಾ ಎಂದೂ ತಿಳಿಯುವವರು ಹಲವರು. ಕಾಮಕಸ್ತೂರಿ ತುಳಸಿಯ ಕುಲದ್ದು. ಅದರ ಬೀಜ ಏಕರೂಪದ ಕಪ್ಪು, ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ಬೀಜ ನುಣುಪು, ಮೈಮೇಲೆ ಬೂದು, ಕಂದು, ಬಿಳಿಯ ಚುಕ್ಕೆ, ನಿಧಾನವಾಗಿ ಉಬ್ಬುತ್ತದೆ. ಗುಣವನ್ನು ಹಿಡಿದು ಹೆಸರಿಡುವ ಹಳೆಯ ಮನೋಧರ್ಮವೇ ಇಲ್ಲಿ ಮರುಕಳಿಸುತ್ತಿದೆ.

ಚಿಯಾ ಬೆಳೆಯುವ ಚಾಮರಾಜನಗರ ಜಿಲ್ಲೆಯಲ್ಲಿಯೇ ಬಿಳಿಗಿರಿರಂಗನ ಬೆಟ್ಟವಿದೆ. ಅಲ್ಲಿನ ಸೋಲಿಗರು ಕಾಡಿನ ನೆಲದ ಒಣ ಎಲೆಗಳಿಗೆ ಕಾಲ ನೋಡಿ ಇಡುತ್ತಿದ್ದ ‘ತರಗು ಬೆಂಕಿ’ 1974ರಲ್ಲಿ ಕಾಡು ವನ್ಯಧಾಮವಾದ ಬಳಿಕ ನಿಂತುಹೋಯಿತು. ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು ಎಂಬುದು ಸೋಲಿಗ ಹಿರಿಯರ ತಿಳಿವಳಿಕೆ. ಸಂಶೋಧಕರೂ ಇದನ್ನು ದಾಖಲಿಸಿ ಚರ್ಚಿಸಿದ್ದಾರೆ. ಚುಮಾಶರ ಕಥೆಯನ್ನು ಓದಿದವರಿಗೆ ಇದು ದೂರದ ವಿಷಯವಾಗಿ ಉಳಿಯುವುದಿಲ್ಲ. ಒಂದೇ ಜಿಲ್ಲೆಯಲ್ಲಿ ಮೆಕ್ಸಿಕೋದ ಹೊಲದ ಚಿಯಾವೂ ಇದೆ, ಕ್ಯಾಲಿಫೋರ್ನಿಯಾದ ಚಿಯಾಕ್ಕೆ ಒದಗಿದಂತಹ ಗತಿಯೂ ಇದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಮಾತುಗಳನ್ನು ಹೇಳಬಹುದು. ಜನಪದ ಸಂಗ್ರಹಗಳಲ್ಲಿ ‘ಒಂದು ಜಾತಿಯ ಗಿಡ’ ಎಂದು ಬರೆದು ಮುಂದೆ ಸಾಗುವ ರೂಢಿಯನ್ನು ಬಿಡಬೇಕು. ಗಿಡದ ಮಾದರಿಯನ್ನು ಒಣಗಿಸಿಟ್ಟು, ಸಸ್ಯಶಾಸ್ತ್ರಜ್ಞರಿಂದ ಪ್ರಭೇದವನ್ನು ಗುರುತಿಸಿಕೊಂಡು ಹೆಸರಿನ ಜೊತೆಗೆ ದಾಖಲಿಸಬೇಕು. ಹಾಗೆಯೇ ಪ್ರಭೇದದ ಹೆಸರಷ್ಟೇ ಸಾಲದು. ಹಿಸ್ಪಾನಿಕಾ ಎಂಬ ಹೆಸರು ನಹುವಾ ರೈತನನ್ನೂ, ಕೊಲಂಬೇರಿಯೆ ಎಂಬ ಹೆಸರು ಬೆಂಕಿಯಿಟ್ಟ ಚುಮಾಶ್ ಹಿರಿಯರನ್ನೂ ನಮಗೆ ತಿಳಿಸಲಾರವು. ‘ಚಿಯಾನ್’, ‘ಇಲೆಪೆಶ್’, ‘ಪಾಸಲ್’ ಎಂಬ ಪದಗಳು ತಿಳಿಸುತ್ತವೆ.

ಕರ್ನಾಟಕದಲ್ಲಿ ಈ ಬೆಳೆಗೆ ಇನ್ನೂ ಎರಡು ದಶಕಗಳೂ ತುಂಬಿಲ್ಲ. ಒಂದು ಹೊಸ ಬೀಜಕ್ಕೆ ರೈತರು ಯಾವ ಹೆಸರನ್ನಿಡುತ್ತಾರೆ, ಹೆಂಗಸರು ಅದನ್ನು ಯಾವ ಅಡುಗೆಗೆ ಬೆರೆಸುತ್ತಾರೆ, ಅದರ ಸುತ್ತ ಎಂತಹ ನಂಬಿಕೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಹುಟ್ಟುವ ಹೊತ್ತಿನಲ್ಲಿಯೇ ನೋಡುವ ಅವಕಾಶ ಜಾನಪದ ವಿದ್ಯಾರ್ಥಿಗಳಿಗೆ ಅಪರೂಪವಾಗಿ ಒದಗುವಂಥದ್ದು. ಹೊಲದಲ್ಲಿ ಆ ಕೆಲಸ ಆರಂಭವಾಗಬೇಕು. ತರಗು ಬೆಂಕಿಯನ್ನು ಕಣ್ಣಾರೆ ಕಂಡ ಸೋಲಿಗ ಹಿರಿಯರು ನಮ್ಮ ನಡುವೆ ಇರುವಾಗಲೇ, ಅವರನ್ನು ಕರ್ತೃಗಳನ್ನಾಗಿ ಮಾಡಿಕೊಂಡು, ಕಾಡಿನಲ್ಲಿಯೂ ಅದು ನಡೆಯಬೇಕು.